ಬೈಟು ಕಾಫಿಗೆ ಇಬ್ಬರು ಬೇಕು

ಮನೆಯಲ್ಲಿ ಹಿತ್ತಾಳೆಯ ಫಿಲ್ಟರಿನಲ್ಲಿ ಹದವಾದ ಡಿಕಾಕ್ಷನ್ ಇಳಿದು ಕೂತಿರುವಾಗ, ಸೀರೆ ಬದಲಾಯಿಸಿ, ಕೃಷ್ಣಮೂರ್ತಿಪುರಂನಿಂದ ಸರಸ್ವತಿಪುರಂವರೆಗೆ ನಡೆದುಹೋಗಿ, ಅಲ್ಲಿನ ಹೋಟೆಲಿನಲ್ಲಿ ಅರ್ಧ ಲೋಟ ಕಾಫಿ ಕುಡಿದು ಬರುವ ಹೆಂಗಸು ನಾನು. ಇದಕ್ಕೆ ನನ್ನಲ್ಲಿ ಸಮರ್ಥನೆಯೇನೂ ಇಲ್ಲ. "ಅರ್ಧ ಕಾಫಿಗೆ ಇಷ್ಟು ದೂರ ಹೋಗ್ತೀಯಲ್ಲ, ಪೂರ್ತಿ ಕಾಫಿ ಆಗಿದ್ರೆ ಮಡಿಕೇರಿಗೇ ಹೋಗ್ಬುಡ್ತಿದ್ಯೇನೋ" ಎನ್ನುತ್ತಾರೆ ನಮ್ಮ ಯಜಮಾನರು. ಅನ್ನಲಿ. ಅವರು ಜನ್ಮದಲ್ಲಿ ಬೈಟು ಕುಡಿದವರಲ್ಲ.

ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಸಿಕೊಳ್ಳುವುದನ್ನು ಹೊರಗಿನವರು ಜಿಪುಣತನವೆಂದು ತಿಳಿಯುತ್ತಾರೆ. ಕಾಫಿಯ ಆಸೆಗೆ ಬಂದವರು ಪೂರ್ತಿ ಕಾಫಿ ತೆಗೆದುಕೊಳ್ಳುತ್ತಾರೆ, ಕುಡಿಯುತ್ತಾರೆ, ಹೋಗುತ್ತಾರೆ. ಬೈಟು ಹೇಳುವವರಿಗೆ ಬೇಕಾಗಿರುವುದು ಎದುರಿಗೆ ನಿಂತಿರುವ ಇನ್ನೊಬ್ಬರು. ಕಾಫಿ ಒಂದು ನೆಪ, ಅದೂ ಅರ್ಧ ನೆಪ. ಒಬ್ಬರೇ ಹೋಗಿ ಬೈಟು ಕೇಳಿದರೆ ಕೌಂಟರಿನವನು ನಿಮ್ಮ ಬೆನ್ನ ಹಿಂದೆ ಯಾರಿದ್ದಾರೆಂದು ಇಣುಕಿ ನೋಡುತ್ತಾನೆ.

ನನ್ನ ಎದುರಿಗೆ ನಿಲ್ಲುವವಳು ತೆರೆಸಾ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಕಾಲದಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬಂದ ನರ್ಸು. ಎರಡು ಸಾಲು ಮಾಡಿ ನಿಲ್ಲಿಸಿದರೆ, ಮಕ್ಕಳೆಲ್ಲ ಸದ್ದಿಲ್ಲದೆ ಅವಳ ಸಾಲಿಗೆ ಜರುಗುತ್ತಿದ್ದರು. ಅವಳು ಚುಚ್ಚಿದ್ದೇ ತಿಳಿಯುತ್ತಿರಲಿಲ್ಲವಂತೆ. ಪರೀಕ್ಷಿಸಲೆಂದು ನಾನೂ ತೋಳು ಒಡ್ಡಿದೆ. ಅಲ್ಲಿಂದ ಶುರುವಾದ ಗೆಳೆತನ ಇಬ್ಬರೂ ನಿವೃತ್ತರಾದ ಮೇಲೆ ಸಂಜೆಯ ವಾಕಿಂಗಿಗೂ, ವಾಕಿಂಗಿನ ಕೊನೆಯ ಬೈಟುವಿಗೂ ಬಂದು ನಿಂತಿತು.

ಈಚೆಗೆ ತೆರೆಸಾ ಬರುವುದನ್ನು ಬಿಟ್ಟಳು. ಮೊದಲು ಮಂಡಿನೋವು ಎಂದಳು. ಆಮೇಲೆ ಮನೆಗೆ ನೆಂಟರು ಎಂದಳು. ಆಮೇಲೆ ಚರ್ಚಿನಲ್ಲಿ ಸಂಜೆ ಪ್ರಾರ್ಥನೆ ಎಂದಳು. ಅದೇ ಹೊತ್ತಿಗೆ ನಮ್ಮ ಬಡಾವಣೆಯ ಓದುಗರ ಬಳಗದವರು ಬಂದು, "ಮೇಡಂ, ಸಾಹಿತ್ಯದಲ್ಲಿ ಸ್ನೇಹ ಅಂತ ಒಂದು ಉಪನ್ಯಾಸ ಕೊಡಿ, ನಿಮಗಿಂತ ಯಾರಿದಾರೆ" ಎಂದು ಕೂತರು. ಸ್ನೇಹಿತೆಯೇ ಕೈಬಿಟ್ಟಿದ್ದಾಗ ಸ್ನೇಹದ ಮೇಲೆ ಉಪನ್ಯಾಸ. ಹೊಗಳಿಕೆಗೆ ಸೋತು ಒಪ್ಪಿಕೊಂಡೆ.

ಪುಸ್ತಕಗಳನ್ನು ಹರಡಿಕೊಂಡು ಕೂತೆ. ಕಾವ್ಯಗಳಲ್ಲಿ ಗೆಳೆಯರಿಗೆ ಬರವಿಲ್ಲ. ಒಬ್ಬ ಗೆಳೆಯನಿಗಾಗಿ ಪ್ರಾಣ ಕೊಡುತ್ತಾನೆ, ಇನ್ನೊಬ್ಬ ರಾಜ್ಯ ಕೊಡುತ್ತಾನೆ, ಮತ್ತೊಬ್ಬ ಗೆಳೆಯ ತಪ್ಪು ದಾರಿಯಲ್ಲಿದ್ದಾನೆಂದು ತಿಳಿದೂ ಜೊತೆಗೆ ನಡೆದುಬಿಡುತ್ತಾನೆ. ಎಲ್ಲರೂ ದೊಡ್ಡವರು, ಕೊಟ್ಟರೆ ಪೂರ್ತಿ ಕೊಡುವವರು. ಆದರೆ "ಮಂಡಿನೋವು ಕಣೇ" ಎಂದು ಮೆಲ್ಲಗೆ ಜಾರಿಕೊಂಡ ಗೆಳತಿಯನ್ನು ಏನು ಮಾಡಬೇಕೆಂದು ಅವರಲ್ಲಿ ಒಬ್ಬನೂ ಹೇಳಲಿಲ್ಲ. ಕಾವ್ಯದಲ್ಲಿ ಸ್ನೇಹ ಮುರಿಯಲು ಯುದ್ಧವೋ ಶಾಪವೋ ಬೇಕು. ನಮ್ಮ ನಿಮ್ಮಂಥವರ ಸ್ನೇಹಕ್ಕೆ ಅಷ್ಟೆಲ್ಲ ಬೇಡ, "ನಾಳೆ ಫೋನ್ ಮಾಡಿದರಾಯಿತು" ಎಂದುಕೊಳ್ಳುತ್ತ ಹೋದರೆ ಸಾಕು. ನನಗೆ ಸಿಟ್ಟು ಬಂತು. ಪುಸ್ತಕ ಮುಚ್ಚಿ ನೇರ ಅವಳ ಮನೆಗೆ ಹೋದೆ.

ಮಂಡಿಗೆ ಏನೂ ಆಗಿರಲಿಲ್ಲ. ಬಾಗಿಲಿಗೆ ಓಡಿಬಂದಳು. ಅವಳ ಸೊಸೆ ಇಬ್ಬರಿಗೂ ಕಾಫಿ ತಂದಿಟ್ಟಳು. ನಾನು ಕುಡಿದೆ, ಅವಳದು ಕೆನೆಗಟ್ಟಿತು. ಏಕೆಂದು ಕೇಳಿದ್ದಕ್ಕೆ, ಸೊಸೆ ಒಳಗೆ ಹೋದಮೇಲೆ, ಸೆರಗಿನಡಿ ಇಟ್ಟುಕೊಂಡಿದ್ದ ಬಲಗೈ ತೆಗೆದು ತೋರಿಸಿದಳು. ಅದು ನಡುಗುತ್ತಿತ್ತು. "ಡಾಕ್ಟ್ರು ಗಾಬರಿ ಏನಿಲ್ಲ, ವಯಸ್ಸಿಂದು ಅಂದ್ರು. ಆದ್ರೆ ಲೋಟ ಎತ್ತಿದ್ರೆ ಚೆಲ್ಲೋಗುತ್ತೆ ಕಣೇ. ಆ ಹೋಟ್ಲಲ್ಲಿ ನಾನು ಚುಚ್ಚುಮದ್ದು ಹಾಕಿರೋರು ಎಷ್ಟು ಜನ ಬರ್ತಾರೆ. ಅವರ ಮುಂದೆ ಈ ಕೈ ಇಟ್ಕೊಂಡು ನಿಂತ್ಕೊಳ್ಳಲಾ? ಬುಟ್ಬುಡು, ನೀನು ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗು."

ಬುಟ್ಬುಡು ಎಂದರೆ ಬಿಡುವ ಜಾಯಮಾನ ನನ್ನದಲ್ಲ. ವ್ಯಾಕರಣ ಕಲಿಯುವುದಿಲ್ಲವೆಂದು ಹಟ ಹಿಡಿದ ಹುಡುಗರನ್ನೇ ನಾನು ಬಿಟ್ಟವಳಲ್ಲ.

ಮಾರನೆಯ ಸಂಜೆ ಫ್ಲಾಸ್ಕಿನಲ್ಲಿ ಕಾಫಿ ಒಯ್ದೆ. ಸೊಸೆ, ಟೀವಿ, ಕುಕ್ಕರಿನ ಕೂಗು, ಇವುಗಳ ಮಧ್ಯೆ ಊರಿನವರನ್ನು ಆಡಿಕೊಳ್ಳಲಾಗಲಿಲ್ಲ. ಹೋಟೆಲಿಗೆ ಸ್ಟ್ರಾ ತರುತ್ತೇನೆಂದೆ. "ಏನು, ಎಳನೀರು ಕುಡಿಯೋಕೆ ಹೋಗ್ತೀವಾ?" ಎಂದು ಮುಖ ತಿರುಗಿಸಿದಳು. ಅವಳು ಹೇಳಿದ್ದು ಸರಿಯೇ.

ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತೆ. ಹೋಟೆಲಿನಲ್ಲಿ ಬೈಟುವಿಗೆಂದೇ ಪುಟ್ಟ ಗಾಜಿನ ಲೋಟಗಳಿವೆ, ಅಂಚಿನವರೆಗೆ ತುಂಬಿ ಕೊಡುತ್ತಾರೆ. ಅಂಥದೇ ಲೋಟದ ತುಂಬ ನೀರು ತುಂಬಿ, ಬೇಕೆಂದೇ ಕೈ ನಡುಗಿಸಿದೆ. ನೆಲವೆಲ್ಲ ನೀರು. ಅಷ್ಟೇ ನೀರನ್ನು ದೊಡ್ಡ ಸ್ಟೀಲ್ ಲೋಟಕ್ಕೆ ಹಾಕಿ ಮತ್ತೆ ನಡುಗಿಸಿದೆ. ಒಳಗೊಳಗೇ ತುಳುಕಿತು, ಹೊರಗೆ ಒಂದು ತೊಟ್ಟೂ ಬೀಳಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಜಮಾನರು "ಏನು, ಮೈಮೇಲೆ ದೇವರು ಬಂತಾ?" ಎಂದು ವಿಚಾರಿಸಿದರು. 'ತುಂಬಿದ ಕೊಡ ತುಳುಕುವುದಿಲ್ಲ' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ವರ್ಷಗಟ್ಟಲೆ ಮಕ್ಕಳಿಗೆ ಕೊಟ್ಟು ಅಂಕ ಹಾಕಿದವಳು ನಾನು. ಕೊಡದ ಮಾತು ಹೇಗೋ ಏನೋ, ಲೋಟದ ವಿಷಯದಲ್ಲಿ ಗಾದೆ ನಿಲ್ಲುವುದಿಲ್ಲ.

ಮರುದಿನ ಹೋಟೆಲಿಗೆ ಒಬ್ಬಳೇ ಹೋಗಿ ಕೌಂಟರಿನ ನಂಜುಂಡನಿಗೆ, ಇನ್ನು ಮೇಲೆ ನಮ್ಮ ಬೈಟುವನ್ನು ದೊಡ್ಡ ಲೋಟದಲ್ಲೇ ಕೊಡಬೇಕು, ಎರಡನ್ನೂ, ಎಂದೆ. "ಅದ್ರಲ್ಲಿ ತಳದಲ್ಲೇ ಕಾಣುತ್ತೆ ಕಣಮ್ಮ, ಆಮೇಲೆ ಕಮ್ಮಿ ಕೊಟ್ಟ ಅಂತೀರ" ಎಂದ. ಅನ್ನುವುದಿಲ್ಲವೆಂದು ಮಾತು ಕೊಟ್ಟೆ. ಆಮೇಲೆ ತೆರೆಸಾಳ ಮನೆಗೆ ಹೋಗಿ, ನೀನು ಬರುವವರೆಗೆ ನಾನು ಕಾಫಿಯನ್ನೇ ಮುಟ್ಟುವುದಿಲ್ಲ ಎಂದೆ. ಕಾಫಿಯಿಲ್ಲದೆ ನನಗೆ ತಲೆ ಸಿಡಿಯುತ್ತದೆಂದು ಬಲ್ಲ ನರ್ಸು ಅವಳು. ಗೊಣಗುತ್ತ ಚಪ್ಪಲಿ ಹುಡುಕಿದಳು.

ನೆನ್ನೆ ಸಂಜೆ ಹೋಟೆಲಿನಲ್ಲಿ ಜನ ತುಂಬಿದ್ದರು. ನಂಜುಂಡ ಎರಡೂ ದೊಡ್ಡ ಲೋಟಗಳನ್ನು ನಮ್ಮ ಮುಂದೆ ಇಟ್ಟ. ತೆರೆಸಾ ಸುತ್ತಮುತ್ತ ಒಮ್ಮೆ ನೋಡಿ, ಸೆರಗಿನಿಂದ ಕೈ ತೆಗೆದು ಲೋಟ ಎತ್ತಿದಳು. ಕೈ ನಡುಗಿತು. ಲೋಟವೂ ನಡುಗಿತು. ಕಾಫಿ ಒಳಗೇ ಗೋಡೆಗೆ ಬಡಿದು ವಾಪಸು ಬಂತು. ನನ್ನ ಕಣ್ಣೆಲ್ಲ ಅವಳ ಲೋಟದ ಮೇಲೆಯೇ ಇತ್ತು. ಹಾಗೆ ನೋಡುತ್ತಲೇ ನನ್ನ ಲೋಟ ಎತ್ತಿದೆ. ಬಾಯಿ ಎಲ್ಲಿದೆಯೆಂಬುದು ಮರೆತುಹೋಗಿತ್ತು. ಬಿಸಿ ಕಾಫಿ ಗಲ್ಲದಿಂದಿಳಿದು ತಿಳಿನೀಲಿ ಸೀರೆಯ ಮೇಲೆ ದಾರಿ ಮಾಡಿಕೊಂಡು ಹೋಯಿತು.

ತೆರೆಸಾ ನಕ್ಕ ನಗೆಗೆ ಪಕ್ಕದಲ್ಲಿ ದೋಸೆ ತಿನ್ನುತ್ತಿದ್ದವರೂ ತಿರುಗಿದರು. "ಅರ್ಧ ಲೋಟದಲ್ಲೂ ಚೆಲ್ಕೊಂಡ್ಯಲ್ಲೇ" ಎಂದಳು. ಕೂಡಲೇ ನರ್ಸಾಗಿ, ನೀರು ತರಿಸಿ, ಕರವಸ್ತ್ರ ಒದ್ದೆ ಮಾಡಿ, ಅಷ್ಟು ಜನರ ಮುಂದೆ ನನ್ನ ಗಲ್ಲ, ಕತ್ತು, ಸೀರೆ ಒರೆಸಿದಳು. ಆ ಕೈ ನಡುಗುತ್ತಲೇ ಇತ್ತು. ಅದನ್ನು ಬಚ್ಚಿಡುವುದು ಅವಳಿಗೆ ನೆನಪೇ ಇರಲಿಲ್ಲ. ನನ್ನ ಕಣ್ಣು ತುಂಬಿತು. ಬಿಸಿ ತಾಗಿತೇ ಎಂದು ಕೇಳಿದಳು, ಹೌದೆಂದೆ.

ಭಾನುವಾರದ ಉಪನ್ಯಾಸದಲ್ಲಿ ಪ್ರಾಣ ಕೊಟ್ಟವರ, ರಾಜ್ಯ ಕೊಟ್ಟವರ ಹೆಸರನ್ನೆಲ್ಲ ಹೇಳುತ್ತೇನೆ, ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ನನ್ನ ಪಾಲಿಗೆ ಮಾತ್ರ ಅರ್ಧ ಕೊಡುವವರೇ ವಾಸಿ. ಉಳಿದರ್ಧ ಕುಡಿಯಲು ಅವರು ಎದುರಿಗೇ ನಿಂತಿರಬೇಕಾಗುತ್ತದೆ.

ನೆನ್ನೆ ಬೀಳ್ಕೊಡುವಾಗ ತೆರೆಸಾ ನನ್ನ ಸೀರೆಯ ಕಲೆಯನ್ನೊಮ್ಮೆ ನೋಡಿ, "ನಾಳೆ ಯಾವುದಾದ್ರೂ ಹಳೇದು ಉಟ್ಕೊಂಡು ಬಾ" ಎಂದಳು. ಸಂಜೆಯಾಗುತ್ತ ಬಂತು. ಬೀರುವಿನಲ್ಲಿರುವುದರಲ್ಲೆಲ್ಲ ಹಳೆಯ ಸೀರೆ ಉಟ್ಟು ಹೊರಟಿದ್ದೇನೆ.