ಸ್ಟಾಪರ್ ಭಾವ ಮತ್ತು ಬೀಗರ ಮರ್ಯಾದೆ

ಲಗ್ನಪತ್ರಿಕೆ ಹಂಚಿ ಆದ ಮೇಲೆ ಹೆಣ್ಣಿನ ಅಪ್ಪ ಗಂಡಿನ ಅಪ್ಪನನ್ನು ಕೆಡವಬಹುದೇ?

ನಗಬೇಡಿ. ಹೋದ ವಾರವಿಡೀ ನಮ್ಮ ಮನೆಯಲ್ಲಿ ಇದೇ ಚರ್ಚೆ. ಹೊಡೆದಾಟದ ವಿಷಯವಲ್ಲ, ಫುಟ್‌ಬಾಲ್ ವಿಷಯ. ಮದ್ದೂರು ಮತ್ತು ಮಳವಳ್ಳಿಯ ಹಳೇ ಆಟಗಾರರು ವರ್ಷಕ್ಕೊಮ್ಮೆ ಮಂಡ್ಯದಲ್ಲಿ ಸೇರಿ ಮ್ಯಾಚ್ ಆಡುತ್ತೇವೆ. (ಆಡುತ್ತೇವೆ ಅನ್ನುವುದು ನಮ್ಮ ಮಾತು. ನೋಡಿದವರು ಬೇರೆ ಏನೇನೋ ಅನ್ನುತ್ತಾರೆ.) ಮದ್ದೂರಿನ ಸ್ಟಾಪರ್ ನಮ್ಮ ಅಕ್ಕನ ಗಂಡ, ಪುಟ್ಟರಾಜು ಭಾವ. ಗೋಲಿನ ಮುಂದೆ ನಟ್ಟನಡುವೆ ನಿಂತು ನುಗ್ಗಿ ಬರುವವರನ್ನು ತಡೆಯುವ ಕೆಲಸ. ಈಗಿನ ಹುಡುಗರು ಸೆಂಟರ್ ಬ್ಯಾಕ್ ಅನ್ನುತ್ತಾರೆ. ಮಳವಳ್ಳಿ ಕಡೆಯಿಂದ ನುಗ್ಗಿ ಬರುವವರು ಮರಿಸ್ವಾಮಿ ಮೇಷ್ಟ್ರು.

ಈ ವರ್ಷ ಏನಾಯಿತೆಂದರೆ, ಭಾವನ ಮಗಳು ಚೈತ್ರಳಿಗೆ ಇದೇ ಮೇಷ್ಟ್ರ ಮಗನ ಜೊತೆ ಮದುವೆ ಗೊತ್ತಾಯಿತು. ಮ್ಯಾಚ್ ಒಂದು ಭಾನುವಾರ, ಮದುವೆ ಅದರ ಮುಂದಿನ ಭಾನುವಾರ. ಮುಹೂರ್ತ ಇಟ್ಟ ಪುಣ್ಯಾತ್ಮ ಫುಟ್‌ಬಾಲ್ ನೋಡುವುದಿಲ್ಲ ಅಂತ ಕಾಣುತ್ತದೆ.

ಭಾವನ ಆಟವನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ನಾನು ಗೋಲ್‌ಕೀಪರ್. ನನ್ನ ಯೌವನವೆಲ್ಲ ಅವರ ಬೆನ್ನು ನೋಡುವುದರಲ್ಲೇ ಕಳೆಯಿತು. ಅಕ್ಕನಿಗೆ ಈ ಗಂಡು ತೋರಿಸಿದವನೂ ನಾನೇ. ಇಂಥ ಆಸಾಮಿ ಮುಂದೆ ನಿಂತರೆ ಯಾವ ಕಷ್ಟ ತಾನೇ ಮನೆಯೊಳಗೆ ನುಗ್ಗೀತು?

ಭಾವ ಮೂಲತಃ ಕಬಡ್ಡಿಯವರು. ಕಾಲೇಜಿನಲ್ಲಿ ಫುಟ್‌ಬಾಲ್ ಟೀಮಿಗೆ ಒಬ್ಬ ಕಡಿಮೆ ಬಿದ್ದ ಅಂತ ಇವರನ್ನು ಎಳೆದುಕೊಂಡು ಬಂದಿದ್ದರು. ಮೊದಲ ಮ್ಯಾಚಿನಲ್ಲೇ ಎದುರಾಳಿಯ ಕಾಲನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದು ಕೂತುಬಿಟ್ಟರು. ರೆಫ್ರಿ ವಿಷಲ್ ಊದಿ ಊದಿ ಸುಸ್ತಾದರೂ ಬಿಡಲಿಲ್ಲ. ‘ತಡೀರಿ ಸಾ, ಅವ್ನ್ ಉಸುರು ಕಟ್ಟಾಗ್ಲಿ’ ಅಂದರು.

ಆಮೇಲೆ ಕೈ ಬಳಸುವುದನ್ನು ಬಿಟ್ಟರು. ಕಬಡ್ಡಿ ಬಿಡಲಿಲ್ಲ. ಸೊಂಟ ಬಗ್ಗಿಸಿ, ಕೈ ಅಗಲಿಸಿ, ಬರುವವನನ್ನೇ ನೋಡುತ್ತಾ ಹಿಂದೆ ಹಿಂದೆ ಸರಿಯುತ್ತಾರೆ. ಆತುರ ಅನ್ನುವುದೇ ಇಲ್ಲ. ಅವನು ಚೆಂಡನ್ನು ಸ್ವಲ್ಪ ಉದ್ದಕ್ಕೆ ತಳ್ಳಿದ ಅನ್ನಿ, ಮುಗೀತು. ನೆಲದ ಮೇಲೆ ಜಾರಿ ಬಂದು ಚೆಂಡನ್ನೂ ಅವನನ್ನೂ ಒಟ್ಟಿಗೆ ಗೆರೆಯಾಚೆ ಕಳಿಸುತ್ತಾರೆ. ಆಮೇಲೆ ತಾವೇ ಕೈ ಕೊಟ್ಟು ಎಬ್ಬಿಸಿ, ‘ಪೆಟ್ಟಾಯ್ತೇನ್ಲಾ’ ಅಂತ ವಿಚಾರಿಸುತ್ತಾರೆ. ಹೀಗೆ ಜಿಲ್ಲೆಗೆ ಆಡಿದರು, ಯೂನಿವರ್ಸಿಟಿಗೆ ಆಡಿದರು, ಮೂಗು ಮುರಿದುಕೊಂಡರು, ಹಣೆಗೆ ಹೊಲಿಗೆ ಹಾಕಿಸಿಕೊಂಡರು. ಒಂದು ಗೋಲೂ ಹೊಡೆದವರಲ್ಲ. ಕೇಳಿದರೆ, ‘ಅದು ನನ್ ಕೆಲ್ಸ ಅಲ್ಲ ಕಣ್ಲಾ’ ಅನ್ನುತ್ತಾರೆ.

ಇವರಿಂದ ಅತಿ ಹೆಚ್ಚು ಸಲ ನೆಲ ಕಂಡವರು ಯಾರು? ಮರಿಸ್ವಾಮಿ ಮೇಷ್ಟ್ರು. ಅವರ ಮೊಣಕಾಲಿನ ಗಾಯದ ಗುರುತುಗಳೆಲ್ಲ ನಮ್ಮ ಭಾವನ ಕೃತಿಗಳೇ.

ಈಗ ಅವರು ಬೀಗರು. ನಮ್ಮ ಕಡೆ ಬೀಗರೆಂದರೆ ಗೊತ್ತಲ್ಲ? ಬಂದ ಕೂಡಲೇ ಕಾಲಿಗೆ ನೀರು ಕೊಡಬೇಕು, ಅವರು ಕೂತ ಮೇಲೆ ನಾವು ಕೂರಬೇಕು. ಬೀಗರೂಟದಲ್ಲಿ ಎಲೆಗೆ ಬರೀ ಮೂಳೆ ಬಿತ್ತು ಅಂತ ಎದ್ದು ಹೋದವರ ಕಥೆ ಊರಿಗೊಂದಿದೆ.

ಅಕ್ಕ ಕಟ್ಟಪ್ಪಣೆ ಮಾಡಿದಳು. ‘ನೋಡಿ, ಮದ್ವೆ ಮುಗ್ಯೋಗಂಟ ಅವ್ರ ಮೈ ಸೋಕ್ಬುಟ್ಟೀರಾ, ಜ್ವಾಕೆ.’

‘ಅಂಗಾದ್ರೆ ಆಡಕ್ಕೆ ಓಗಲ್ಲ ಬುಡು’ ಅಂದರು ಭಾವ.

‘ಓಗ್ದಿದ್ರೆ ಬೀಗ್ರ ಮ್ಯಾಲೆ ಮುನಿಸ್ಕಂಡವ್ರೆ ಅಂತಾರೆ. ಓಗಿ, ಆಡಿ. ಮುಟ್‌ಬ್ಯಾಡಿ.’

ಭಾವ ನನ್ನ ಕಡೆ ತಿರುಗಿದರು. ‘ಮುಟ್ದಂಗೆ ಸ್ಟಾಪರ್ ಆಡದು ಎಂಗ್ಲಾ?’

ನನಗೇನು ಗೊತ್ತು? ಚೈತ್ರ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮೇಷ್ಟ್ರ ಮಗ ಅವಳೇ ಮೆಚ್ಚಿ ಮನೆಯಲ್ಲಿ ಹೇಳಿಕೊಂಡಿದ್ದ ಹುಡುಗ. ಬೀಗರು ಮುನಿಸಿಕೊಂಡು ಈ ಮದುವೆಗೆ ಏನಾದರೂ ಆದರೆ ಅವಳಿಗೆ ತಡೆದುಕೊಳ್ಳಲು ಆಗುವುದಿಲ್ಲ. ಅದು ಭಾವನಿಗೂ ಗೊತ್ತಿತ್ತು.

ಮ್ಯಾಚ್ ಶುರುವಾಯಿತು. ಮೇಷ್ಟ್ರು ಚೆಂಡು ತಗೊಂಡು ಬಂದರು. ಭಾವ ಕಲ್ಯಾಣಮಂಟಪದ ಬಾಗಿಲಲ್ಲಿ ನಿಂತವರ ಹಾಗೆ ಪಕ್ಕಕ್ಕೆ ಸರಿದು, ‘ಬನ್ನಿ ಬೀಗ್ರೇ’ ಅಂದರು. ನಿಜವಾಗಿಯೂ ಅಂದರು, ನಾನೇ ಕೇಳಿಸಿಕೊಂಡೆ. ಎಷ್ಟೋ ವರ್ಷದ ಮೇಲೆ ನಾನೊಬ್ಬನೇ ಮೇಷ್ಟ್ರಿಗೆ ಎದುರಾಗಿದ್ದೆ. ಹಾರಿದೆ. ನಾನು ನೆಲ ಮುಟ್ಟುವ ಹೊತ್ತಿಗೆ ಚೆಂಡು ಬಲೆಯಲ್ಲಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಅದೇ ಥರ. ಮತ್ತೆ ಹಾರಿದೆ. (ಹೊಟ್ಟೆ ಮೊದಲು ಇಳಿಯಿತು.)

ಗ್ಯಾಲರಿಯಲ್ಲಿ ಅಕ್ಕ ಬೀಗಿತ್ತಿಯ ಪಕ್ಕ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ತವರಿನ ಗೋಲಿಗೆ ಚೆಂಡು ಬಿದ್ದದ್ದಕ್ಕೆ!

ಇಂಟರ್ವಲ್ ಆಯಿತು. ನೋಡಿದರೆ ಮೇಷ್ಟ್ರು ದೂರದ ಮರದ ಕೆಳಗೆ ಒಬ್ಬರೇ ಮುಖ ಊದಿಸಿಕೊಂಡು ಕೂತಿದ್ದಾರೆ. ಮಜ್ಜಿಗೆ ಕೊಟ್ಟರೆ ಮುಟ್ಟಲಿಲ್ಲ. ಬೀಗರು ಮುನಿಸಿಕೊಂಡರು ಅಂತ ಅಕ್ಕನ ಜೀವ ಬಾಯಿಗೆ ಬಂತು. ಭಾವ ಓಡಿ ಹೋಗಿ ಕೈ ಕಟ್ಟಿ ನಿಂತರು.

‘ಬೀಗ್ರೇ, ಏನಾದ್ರೂ ಕಮ್ಮಿ ಆಯ್ತಾ?’

ಮೇಷ್ಟ್ರು ಸಿಡಿದರು. ‘ಏನ್ಲಾ ಪುಟ್ಟರಾಜ, ನನ್ಗೆ ವಯಸ್ಸಾಯ್ತು ಅಂತ ಊರ್ಗೆಲ್ಲ ತೋರುಸ್ತಿದ್ದೀಯಾ? ನಿನ್ ದಾಟಿ ಒಂದ್ ಗೋಲು ಒಡೀಬೇಕು ಅಂತ ಎಷ್ಟ್ ವರ್ಸದಿಂದ ಒದ್ದಾಡ್ತಿವ್ನಿ. ಇವತ್ತು ಪರ್ಸಾದ ಕೊಟ್ಟಂಗೆ ಕೊಡ್ತೀಯಾ? ಇಂಗೇ ಆಡಿದ್ರೆ ಮದ್ವೆ ಮನೇಲಿ ನಿನ್ ಮಕ ನೋಡಕ್ಕಿಲ್ಲ ಕಣ್ಲಾ.’

ಏಕವಚನ. ನಿಶ್ಚಿತಾರ್ಥದಿಂದ ಈಚೆಗೆ ಇಬ್ಬರೂ ‘ಬೀಗ್ರೇ, ಬನ್ನಿ, ಕೂತ್ಕಳಿ’ ಅಂತ ನಾಲಿಗೆ ಸವೆಸಿದ್ದರು. ಆ ‘ಲಾ’ ಕೇಳಿ ಭಾವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಗ್ಯಾಲರಿ ಕಡೆ ನೋಡಿದರು. ಅಕ್ಕ ಬೇಡ ಬೇಡ ಅಂತ ಕೈ ಆಡಿಸುತ್ತಿದ್ದಳು. ಭಾವ ಬಗ್ಗಿ ಶೂ ಲೇಸು ಬಿಗಿ ಮಾಡಿಕೊಂಡರು.

ಸೆಕೆಂಡ್ ಹಾಫ್. ಮೇಷ್ಟ್ರು ಬಂದರು. ನನ್ನ ಮುಂದಿನ ಬೆನ್ನು ನಿಧಾನವಾಗಿ ಬಗ್ಗಿತು, ಕೈಗಳು ಅಗಲವಾದವು. ನನಗೆ ಎಷ್ಟು ಖುಷಿಯಾಯಿತು ಅಂದರೆ ಗೋಲಿನಲ್ಲಿ ನಿಂತೇ ಕುಣಿದೆ. ಮೇಷ್ಟ್ರು ಚೆಂಡನ್ನು ಸ್ವಲ್ಪ ಉದ್ದಕ್ಕೆ ತಳ್ಳಿದರು. ಮುಗೀತು. ಚೆಂಡು ಗೆರೆಯಾಚೆ, ಬೀಗರು ಕೆಸರಿನಲ್ಲಿ.

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭಾವ ಎದ್ದು ಕೈ ಚಾಚಿದರು. ‘ಪೆಟ್ಟಾಯ್ತೇನ್ಲಾ ಮರಿಸ್ವಾಮಿ?’

ಮೀಸೆಗೆಲ್ಲ ಕೆಸರು ಮೆತ್ತಿಕೊಂಡ ಮೇಷ್ಟ್ರು ಬಿದ್ದಲ್ಲೇ ನಗುತ್ತಿದ್ದರು. ‘ಈಗ್ ಬಂದೆ ನೋಡ್ಲಾ ದಾರಿಗೆ.’

ಬೀಗಿತ್ತಿ ಅಕ್ಕನ ಸೆರಗು ಸರಿಸಿ, ‘ಅಳ್ಬ್ಯಾಡ ಕಣವ್ವ. ಬೀಳ್ದೆ ಬಂದ್ರೆ ಇವ್ರಿಗೆ ಊಟ ಸೇರಕ್ಕಿಲ್ಲ’ ಅಂದರಂತೆ. ನಾವು ಸೋತೆವು. ಆದರೆ ಚೈತ್ರ ಓಡಿ ಬಂದು ಕೆಸರು ಮೈಯ ಇಬ್ಬರು ಅಪ್ಪಂದಿರನ್ನೂ ತಬ್ಬಿಕೊಂಡಳು.

ಒಂದು ವಿಷಯ ಕೇಳುತ್ತೇನೆ. ಮರ್ಯಾದೆ ಕೊಡುವ ಭರದಲ್ಲಿ ನಾವು ಎಷ್ಟು ಜನರನ್ನು ಮೂಲೆಗೆ ಕೂರಿಸುತ್ತೇವೆ? ಮೊನ್ನೆ ಮಳವಳ್ಳಿ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಎದ್ದು ನನಗೆ ಸೀಟು ಬಿಟ್ಟಳು. ಥ್ಯಾಂಕ್ಸ್ ಹೇಳಿ ಕೂತೆ. ಮನೆಗೆ ಬಂದು ಬಹಳ ಹೊತ್ತು ಕನ್ನಡಿ ನೋಡಿಕೊಂಡೆ. ಸರಿಸಮನಾಗಿ ಆಡುವುದೂ ಒಂದು ಮರ್ಯಾದೆಯೇ ಅಲ್ಲವೇ?

ನಾಡಿದ್ದು ಮದುವೆ. ನಿನ್ನೆ ಬೀಗರ ಫೋನ್ ಬಂತು. ಕಾಲು ಊದಿದೆಯಂತೆ, ಕುಂಟಿಕೊಂಡೇ ಬರುತ್ತಾರಂತೆ, ತುಂಬಾ ಖುಷಿಯಲ್ಲಿದ್ದಾರಂತೆ. ಭಾವ ಸ್ಪೀಕರ್ ಆನ್ ಮಾಡಿದ್ದರಿಂದ ಕೊನೆಯ ಮಾತು ನನಗೂ ಕೇಳಿಸಿತು.

‘ಆ ನಿನ್ ಬಾಮೈದಂಗೂ ಒಸಿ ಯೋಳ್ಲಾ. ಆ ಎಲ್ಡು ಗೋಲೂ ನನ್ ಮರ್ವಾದೆಗೇ ಬುಟ್ಟ ಅವ್ನು, ನನ್ಗೆ ಗೊತ್ತಾಗಕ್ಕಿಲ್ವಾ?’

ಪ್ರಾಣ ಪಣಕ್ಕಿಟ್ಟು ಹಾರಿದ್ದೆ ಅಂತ ನಾನೀಗ ಯಾರ ಹತ್ತಿರ ಹೇಳಲಿ?