ಭಾವ ಓವರ್‌ಟೇಕ್ ಮಾಡಿದ್ದು

ನನ್ನ ಅಕ್ಕನ ಗಂಡ ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಅವರ ಹತ್ತಿರ ಕಲಿತವರು ಊರ ತುಂಬ ಇದ್ದಾರೆ, ಒಬ್ಬರೂ ಎಲ್ಲೂ ಗುದ್ದಿಲ್ಲ. ಗುದ್ದುವಷ್ಟು ಜೋರಾಗಿ ಹೋದರೆ ತಾನೇ! ಇನ್ನು ಭಾವನೇ ಸ್ಟಿಯರಿಂಗ್ ಹಿಡಿದರಂತೂ ಹಿಂದೆ ಮೆರವಣಿಗೆ ಹೊರಟ ಹಾಗಿರುತ್ತದೆ. ಹಾರ್ನ್ ಹೊಡೆದು ಹೊಡೆದು ಸುಸ್ತಾದವರು ಪಕ್ಕದಿಂದ ದಾಟುವಾಗ, ಒಳಗಿರುವವರಿಗೆ ಏನಾದರೂ ಆಗಿದೆಯೋ ಎಂದು ಬಗ್ಗಿ ನೋಡುತ್ತಾರೆ. ಭಾವ ಅವರನ್ನು ನೋಡಿ ಮುಗುಳ್ನಗುತ್ತಾರೆ. ಜೀವಮಾನದಲ್ಲಿ ಅವರು ಯಾರನ್ನೂ ಹಿಂದೆ ಹಾಕಿದವರಲ್ಲ.

"ತಳ್ಳೋ ಗಾಡಿಯವನೂ ಇವರನ್ನ ದಾಟ್ಕೊಂಡು ಹೋಗ್ತಾನೆ ಕಣೇ" ಎಂದು ಅಕ್ಕ ಮನೆಗೆ ಬಂದವರ ಎದುರಿಗೆಲ್ಲ ಹೇಳಿಕೊಂಡು ನಗುತ್ತಾಳೆ. ಭಾವನೂ ನಗುತ್ತಾರೆ. ಆದರೆ ನಕ್ಕ ಮೇಲೆ ಸ್ವಲ್ಪ ಹೊತ್ತು ಉಗುರು ನೋಡಿಕೊಳ್ಳುತ್ತಾ ಕೂತಿರುತ್ತಾರೆ. ಅದನ್ನು ಅಕ್ಕ ನೋಡಿಲ್ಲ, ನಾನು ನೋಡಿದ್ದೇನೆ.

ಹೀಗಿರುವಾಗ ನಗರದ ದೊಡ್ಡ ಮ್ಯಾರಥಾನ್ ಬಂತು. ಅದರ ಮೇಲ್ವಿಚಾರಕಿ ಭಾವನ ಹಳೆಯ ಶಿಷ್ಯೆ. ದೇಶವಿದೇಶದ ಘಟಾನುಘಟಿ ಓಟಗಾರರ ಮುಂದೆ, ನೆತ್ತಿಯ ಮೇಲೆ ದೊಡ್ಡ ಗಡಿಯಾರ ಹೊತ್ತ ಒಂದು ಕಾರು ದಾರಿ ತೋರಿಸುತ್ತಾ ಹೋಗಬೇಕು. ಹಿಂದಿನ ಸಲದ ಡ್ರೈವರ್ ಅಭ್ಯಾಸಬಲದಿಂದ ಆಕ್ಸಿಲರೇಟರ್ ಒತ್ತಿ ಕಣ್ಮರೆಯೇ ಆಗಿಬಿಟ್ಟಿದ್ದನಂತೆ.

"ನಿಧಾನ ಅಂದ ತಕ್ಷಣ ನೀವೇ ನೆನಪಾದ್ರಿ ಮೇಷ್ಟ್ರೇ" ಎಂದಳು.

ಭಾವ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು. ನಿಜ ಹೇಳಬೇಕೆಂದರೆ ಆ ಓಟಗಾರರ ಓಟ ಭಾವನ ಡ್ರೈವಿಂಗಿಗಿಂತ ಒಂದು ಕೈ ಮೇಲೆಯೇ ಇತ್ತು. ಪಾಪ, ಅವರ ವೇಗ ಮುಟ್ಟಲು ಭಾವ ಬೆಳಗಿನ ಹೊತ್ತು ಖಾಲಿ ರಸ್ತೆಯಲ್ಲಿ ಹಲ್ಲು ಕಚ್ಚಿ ಅಭ್ಯಾಸ ಮಾಡಿದರು.

ಓಟದ ಹಿಂದಿನ ದಿನ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಳ್ಳುತ್ತಾ ಅಕ್ಕನಿಗೆ ಹೇಳಿದರು: "ನಾಳೆ ದೊಡ್ಡ ಸರ್ಕಲ್ ಹತ್ತಿರ ಬಂದು ನಿಂತ್ಕೋ. ಎಲ್ಲರಿಗಿಂತ ಮುಂದೆ ನಾನೇ ಬರ್ತೀನಿ. ಒಂದೇ ಒಂದು ಸಲ ನೋಡು, ಸಾಕು."

"ಬರ್ತೀನಿ ಬಿಡಿ. ಪಕ್ಕದ ಮನೆಯವರನ್ನೂ ಕರ್ಕೊಂಡು ಬರ್ತೀನಿ. ಸಾಕ್ಷಿ ಬೇಕಲ್ಲ!" ಎಂದಳು ಅಕ್ಕ.

ಕಾರಿನ ಹಿಂದಿನ ಸೀಟಿನಲ್ಲಿ ನಾನು. ಓಟಗಾರರಿಗೂ ನಮಗೂ ಇರುವ ಅಂತರ ಹೇಳುವುದು, ಮೇಲ್ವಿಚಾರಕಿಯ ಫೋನ್ ಎತ್ತುವುದು ನನ್ನ ಕೆಲಸ. ಶುರು ಸೊಗಸಾಗಿಯೇ ಆಯಿತು. ಹಿಂದೆ ಹತ್ತೆಂಟು ಮಂದಿ, ಒಬ್ಬೊಬ್ಬರೂ ಕಡ್ಡಿಯ ಹಾಗೆ, ನೆಲ ಮುಟ್ಟುತ್ತಿದ್ದಾರೋ ಇಲ್ಲವೋ ಎಂಬಂತೆ ಬರುತ್ತಿದ್ದರು. ಭಾವ ಎದೆಯುಬ್ಬಿಸಿಕೊಂಡು ಕೂತಿದ್ದರು.

ಸರ್ಕಲ್‌ಗೆ ಮುಂಚೆ ಒಂದು ಸಿಗ್ನಲ್ ಇದೆ. ರಸ್ತೆಗೆ ರಸ್ತೆಯೇ ಬಂದ್ ಮಾಡಿದ್ದರು, ಒಂದೇ ಒಂದು ಗಾಡಿಯೂ ಅಡ್ಡ ಬರುವಂತಿರಲಿಲ್ಲ. ಆದರೆ ಆ ದೀಪಗಳನ್ನು ಆರಿಸಲು ಯಾರಿಗೂ ಹೊಳೆದಿರಲಿಲ್ಲ. ಕೆಂಪು ಬಂತು. ಭಾವ ಬ್ರೇಕ್ ಹಾಕಿದರು.

"ಭಾವಾ! ಏನ್ ಮಾಡ್ತಿದೀರಿ? ಹೋಗಿ, ಹೋಗಿ!"

"ಕೆಂಪು ಬಿದ್ದಿದೆ ಕಣಮ್ಮ."

ಓಟಗಾರರು ಕಾರಿನ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಸೀಳಿಕೊಂಡು ಮುಂದೆ ಓಡಿಹೋದರು. ಒಬ್ಬ ಡಿಕ್ಕಿಯ ಮೇಲೆ ಒಂದು ಗುದ್ದು ಕೊಟ್ಟು ಹೋದ. ಭಾವ ಹೌಹಾರಿದರು, ತಮ್ಮ ತಪ್ಪಿಗಲ್ಲ. "ನೋಡಿದ್ಯಾ? ಇಷ್ಟು ದೊಡ್ಡ ಓಟಗಾರರು, ಸಿಗ್ನಲ್ ಜಂಪ್ ಮಾಡ್ತಾರಲ್ಲ!"

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಫೋನು. "ಮೇಷ್ಟ್ರ ಕಾರೆಲ್ಲಿ? ಟಿವಿಯಲ್ಲಿ ಓಟಗಾರರಷ್ಟೇ ಕಾಣ್ತಿದ್ದಾರೆ!" ಎಂದು ಮೇಲ್ವಿಚಾರಕಿ ಕಿರುಚಿದಳು. ಭಾವ ಹಸಿರು ಬರುವವರೆಗೂ ಕದಲಲಿಲ್ಲ. ಬಂದ ಮೇಲೆ, ಖಾಲಿ ರಸ್ತೆಯನ್ನು ಎಡಕ್ಕೂ ಬಲಕ್ಕೂ ನೋಡಿ, ಹೊರಟರು.

"ಭಾವ, ಮುಂದೆ ಸರ್ಕಲ್. ಅಕ್ಕ ಅಲ್ಲೇ ನಿಂತಿರ್ತಾಳೆ. ನೀವು ಓಟಗಾರರ ಬಾಲ ಹಿಡ್ಕೊಂಡು ಹೋದ್ರೆ ಅವಳು ಸಾಯೋವರೆಗೂ ಬಿಡಲ್ಲ."

ಭಾವನ ಮುಖ ಬಿಳಿಚಿಕೊಂಡಿತು. "ಓವರ್‌ಟೇಕ್ ಮಾಡ್ಬೇಕಾ?" ಎಂದರು, ಆಪರೇಷನ್ ಮಾಡಬೇಕಾ ಎನ್ನುವ ದನಿಯಲ್ಲಿ. "ಪಾಠ ಹೇಳಿದೀನಿ ಕಣಮ್ಮ. ಯಾವತ್ತೂ ಮಾಡಿಲ್ಲ."

ಇನ್ನೇನು ಮಾಡಲಿ, ನಾನೇ ಮೇಷ್ಟ್ರಾದೆ. "ಕನ್ನಡಿ ನೋಡಿ" ಎಂದೆ. ನೋಡಿದರು. "ಇಂಡಿಕೇಟರ್ ಹಾಕಿ." ಹಾಕಿದರು. "ಈಗ ಹಾರ್ನ್." ಮಲಗಿದ ಮಗುವನ್ನು ಎಬ್ಬಿಸಲು ಮನಸ್ಸಿಲ್ಲದವರ ಹಾಗೆ 'ಪೀ' ಎನಿಸಿದರು. ಯಾರೂ ತಿರುಗಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸ್ವಲ್ಪ ಜಾಗ ಬಿಡ್ತೀರಾಪ್ಪಾ? ತಪ್ಪು ತಿಳ್ಕೋಬೇಡಿ, ನಾನು ನಿಮ್ಮ ಮುಂದಿರಬೇಕಾಗಿತ್ತು" ಎಂದರು. ಆ ಪರದೇಶಿಗಳಿಗೆ ನಮ್ಮ ಮಾತು ಎಲ್ಲಿ ಅರ್ಥವಾಗಬೇಕು! ಕೊನೆಗೆ ಎಲ್ಲರಿಗಿಂತ ಹಿಂದಿದ್ದವನು ಹೊರಳಿ ನೋಡಿದ, ನಕ್ಕುಬಿಟ್ಟ, ಉಳಿದವರನ್ನು ಕೂಗಿ ಎಡಕ್ಕೆ ಸರಿಸಿದ.

"ಗೇರ್ ಬದಲಾಯಿಸಿ! ಒತ್ತಿ! ಭಯ ಬೇಡ!" ನನ್ನ ಗಂಟಲು ಹರಿದುಹೋಗುವುದೊಂದು ಬಾಕಿ.

ಭಾವ ಒತ್ತಿದರು. ಕಾರು ಗುಟುರು ಹಾಕಿತು. ಒಬ್ಬನನ್ನು ದಾಟಿದೆವು, ಇಬ್ಬರನ್ನು ದಾಟಿದೆವು. ಪ್ರತಿಯೊಬ್ಬನನ್ನು ದಾಟುವಾಗಲೂ ಭಾವ "ಕ್ಷಮಿಸಿ, ಕ್ಷಮಿಸಿ" ಎನ್ನುತ್ತಿದ್ದರು. ಎಲ್ಲರಿಗಿಂತ ಮುಂದಿದ್ದವನು ಬಿಡುವ ಆಸಾಮಿಯಾಗಿರಲಿಲ್ಲ. ಒಂದಷ್ಟು ದೂರ ಅವನೂ ನಾವೂ ಜೋಡಿಯಾಗಿಯೇ ಓಡಿದೆವು, ಅವನು ಬೆವರುತ್ತಾ, ಭಾವ ಅವನಿಗಿಂತ ಹೆಚ್ಚು ಬೆವರುತ್ತಾ. ಸರ್ಕಲ್ ಇನ್ನೇನು ಬಂತು ಎನ್ನುವಾಗ ಕಾರಿನ ಮೂತಿ ಮುಂದಾಯಿತು.

ಅಲ್ಲಿ ಜನವೋ ಜನ. ಅದರ ನಡುವೆ ಅಕ್ಕ, ಪಕ್ಕದ ಮನೆಯವರೆಲ್ಲರನ್ನೂ ಕಟ್ಟಿಕೊಂಡು ನಿಂತಿದ್ದಳು. ನಕ್ಕಳು ಎಂದೇ ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಡುವಷ್ಟರಲ್ಲಿ ಅವಳು ಎರಡೂ ಕೈ ಎತ್ತಿ, ಬೀದಿ ಅದುರುವ ಹಾಗೆ ಕೂಗಿದಳು: "ನಮ್ಮೆಜಮಾನ್ರು! ನೋಡ್ರೀ, ಮುಂದೆ ಇರೋರು ನಮ್ಮೆಜಮಾನ್ರು!" ಪಕ್ಕದ ಮನೆಯವರು ಚಪ್ಪಾಳೆ ಹೊಡೆದರು. ಅವರನ್ನು ನೋಡಿ ಸರ್ಕಲ್ಲಿಗೆ ಸರ್ಕಲ್ಲೇ ಚಪ್ಪಾಳೆ ಹೊಡೆಯಿತು, ಓಟಗಾರರಿಗಲ್ಲ, ನಮ್ಮ ಕಾರಿಗೆ. ಅಕ್ಕನ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಸರ್ಕಲ್ ದಾಟಿದೆವು. ಭಾವ ಸುಡುಬಿಸಿಲಿನಲ್ಲಿ ವೈಪರ್ ಹಾಕಿದರು. ಒಣಗಿದ ಗಾಜಿನ ಮೇಲೆ ಅದು ಕಿರ್ರೋ ಎಂದು ಅತ್ತಿತ್ತ ಹೊರಳಾಡಿತು.

"ಭಾವ, ಮಳೆ ಬರ್ತಿಲ್ಲ."

"ಗೊತ್ತು ಕಣಮ್ಮ" ಎಂದರು. "ಆದ್ರೂ ಮುಂದೆ ಏನೂ ಕಾಣ್ತಿಲ್ಲ."