ಮಂದಿ ಇಲ್ಲದ ಕೆರೆಗೆ ಹೊರಟಿದ್ದು

ರೈಲು ಗಾರ್ಡಿನ ಕೆಲಸ ಮಾಡಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಎಲ್ಲಿಗೆ ಹೊರಟರೂ ಮೊದಲು ಟೈಂಟೇಬಲ್ ಹಾಕಬೇಕೆನಿಸುತ್ತದೆ. ಮದುವೆಯ ಊಟವಿರಲಿ, ಕಟಿಂಗ್ ಅಂಗಡಿಯಿರಲಿ, ಹೊರಡುವ ಹೊತ್ತು, ನಡುವೆ ನಿಲ್ಲುವ ಹೊತ್ತು, ಮುಟ್ಟುವ ಹೊತ್ತು ಎಲ್ಲವೂ ತಲೆಯಲ್ಲಿ ಗಟ್ಟಿಯಾದ ಮೇಲೆಯೇ ಚಪ್ಪಲಿ ಮೆಟ್ಟುವುದು. ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ ನಾನು ಹೀಗೆ ತಿದ್ದಿ ತೀಡಿ ತಯಾರಿಸಿದ ಟೈಂಟೇಬಲ್‌ಗಳಲ್ಲೆಲ್ಲ ದೊಡ್ಡದೆಂದರೆ, ಚಿಂಚೋಳಿ ಗುಡ್ಡದ ನಡುವಿನ ಚಂದ್ರಂಪಳ್ಳಿ ಕೆರೆಗೆ ಹೋಗಿ ಅದೇ ದಿನ ಮನೆ ಸೇರುವುದು. ಇದರಲ್ಲಿ ತಮಾಷೆಯೆಂದರೆ ಚಿಂಚೋಳಿಗೆ ರೈಲೇ ಇಲ್ಲ.

ಗುಡ್ಡ ಹತ್ತುವ ಹುಚ್ಚು ನನ್ನದಲ್ಲ. ಆ ವರ್ಷ ಮಳೆಗಾಲದಲ್ಲಿ ನನ್ನ ಹೆಂಡತಿ ನೀಲಮ್ಮನಿಗೆ ವಿಷಮಜ್ವರ ಬಂತು. ಹೋಗುವಾಗ ಅದು ಅವಳ ಕೂದಲನ್ನೂ ಜೊತೆಗೆ ಒಯ್ದಿತು. ಸೊಂಟ ದಾಟುತ್ತಿದ್ದ ಜಡೆ ಬಾಚಣಿಗೆಗೆ ಹಿಡಿಹಿಡಿಯಾಗಿ ಬಂದು, ಉಳಿದದ್ದನ್ನು ಕತ್ತರಿಸಬೇಕಾಯಿತು. ಅಂದಿನಿಂದ ಅವಳು ಹೊಸ್ತಿಲು ದಾಟಲಿಲ್ಲ. ನಳದ ನೀರು ನಾನೇ ತಂದೆ. ಅಕ್ಕಪಕ್ಕದ ಹೆಂಗಸರು ಬಂದು ಬಾಗಿಲು ಬಡಿದರೆ ‘ಮಲಗಿದ್ದಾಳೆ’ ಎಂದು ನನ್ನಿಂದಲೇ ಹೇಳಿಸುತ್ತಿದ್ದಳು. ನಡೆದಾಡದಿದ್ದರೆ ಕಾಲಿಗೆ ಶಕ್ತಿ ಬರುವುದಿಲ್ಲವೆಂದು ಡಾಕ್ಟರು ಬೈದರು. ನಾನು ದಮ್ಮಯ್ಯಗುಡ್ಡೆ ಹಾಕಿದೆ. ಕೊನೆಗೊಂದು ಸಂಜೆ, ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

“ಎಲ್ಲ್ಯಾರ ಮಂದಿ ಇಲ್ಲದ ಕಡಿಗಿ ಕರ್ಕೊಂಡು ಹೋಗ್ರಿ. ಅಲ್ಲಿ ಬೇಕಾದಷ್ಟು ನಡೀತೀನಿ.”

ಅಷ್ಟು ಸಾಕಿತ್ತು ನನಗೆ. ಮಂದಿ ಇಲ್ಲದ ಜಾಗ ಹುಡುಕುವುದು ಜಂಕ್ಷನ್ನಿನಲ್ಲಿ ವಾಸಿಸುವವನಿಗೆ ಸುಲಭವಲ್ಲ. ಯೋಚಿಸಿ ಯೋಚಿಸಿ ಚಿಂಚೋಳಿಯ ಕಾಡು ಹೊಳೆಯಿತು.

ಹಳೆಯ ಕಾಲದ ಮಹಾಕಾವ್ಯವೆಂದರೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕಂತೆ. ಅವುಗಳಲ್ಲಿ ಪರ್ವತವೂ ಒಂದು. ಆದರೆ ಕಾವ್ಯದ ರಾಜಕುಮಾರನಿಗೆ ಪರ್ವತದ ಬುಡದತನಕ ಯಾವ ಬಸ್ಸು ಹೋಗುತ್ತದೆಂದು ವಿಚಾರಿಸುವ ತೊಂದರೆ ಇರಲಿಲ್ಲ. ನನಗಿತ್ತು. ರೈಲಿನಲ್ಲಿ ಸೇಡಂ, ಅಲ್ಲಿಂದ ಬಸ್ಸಿನಲ್ಲಿ ಚಿಂಚೋಳಿ, ಇಷ್ಟು ಗೊತ್ತಾಯಿತು. ಮುಂದೆ ಗುಡ್ಡದ ಹಾದಿ ಎಷ್ಟು ಕಠಿಣ? ಜ್ವರದಿಂದ ಎದ್ದವಳು ನಡೆಯುವಂಥದ್ದೇ? ಚಿಂಚೋಳಿ ಕಡೆಯ ಒಬ್ಬ ತೊಗರಿ ವ್ಯಾಪಾರಿ ಸ್ಟೇಷನ್ನಿನಲ್ಲಿ ಸಿಕ್ಕಾಗ ಕೇಳಿದೆ.

“ಭಾಳೇನಿಲ್ರಿ ಸಾಹೇಬ್ರ. ಹಿಂಗ ಮಾತಾಡ್ಕೋತ ಹೋದ್ರ ಬಂದೇ ಬಿಡ್ತದ,” ಎಂದ.

ಮಾತಾಡದೆ ಹೋದರೆ ಎಷ್ಟು ದೂರವೆಂದು ಅವನು ಹೇಳಲಿಲ್ಲ. ನೀಲಮ್ಮ ಹರಟೆಯ ಮಾತು ಬಿಟ್ಟು ಎಷ್ಟೋ ದಿನವಾಗಿತ್ತು.

ನಮ್ಮ ಸೀಮೆ ಫರಸಿ ಕಲ್ಲಿನದು. ನೆಲವೂ ಹಾಸಿದ ಫರಸಿಯ ಹಾಗೆ ಸಪಾಟು. ವಾಡಿಯಲ್ಲಿ ನಾನು ಹತ್ತಬಹುದಾದ ಎತ್ತರವೆಂದರೆ ಸ್ಟೇಷನ್ನಿನ ಬ್ರಿಡ್ಜ್ ಒಂದೇ. ಡ್ಯೂಟಿ ಮುಗಿಸಿ ಅದನ್ನೇ ಹತ್ತಿ ಇಳಿದು ಅಭ್ಯಾಸ ಶುರುಮಾಡಿದೆ. “ಏನರ ಕಳೀತೇನ್ರಿ ಸಾಹೇಬ್ರ?” ಎಂದು ಹಮಾಲರು ನನ್ನ ಜೊತೆ ಮೆಟ್ಟಿಲ ಮೇಲೆ ಹುಡುಕತೊಡಗಿದರು.

ಗುಟ್ಟು ಹೊರಬಿದ್ದದ್ದು ಅಲ್ಲಿಯೇ. ಅದೇ ಬ್ರಿಡ್ಜಿನ ಮೇಲೆ ಪಕ್ಕದ ಮನೆಯ ಖಾಸೀಂಬಿ ಎದುರಾದರು. ತೀರಿಕೊಂಡ ಡ್ರೈವರ್ ಒಬ್ಬರ ಹೆಂಡತಿ. ಮಗನ ಕ್ವಾರ್ಟರ್ಸಿನಲ್ಲಿ ಇರುವವರು. ಏನು ಸಮಾಚಾರ ಎಂದರು. ಹೇಳಿದೆ. ಹೇಳಿದ ಮೇಲೆ ನಮ್ಮ ಕಡೆಯ ಪದ್ಧತಿಯಂತೆ “ನೀವೂ ಬರ್ರಿ ಖಾಲಾ” ಎಂದೆ. ಇದು ಕರೆಯುವ ಮಾತಲ್ಲ, ಮರ್ಯಾದೆಯ ಮಾತು. ಊಟದ ತಟ್ಟೆ ಮುಂದಿಟ್ಟುಕೊಂಡವನು ಹಾದಿಯಲ್ಲಿ ಹೋಗುವವನಿಗೂ ಹೀಗೆ ಅನ್ನುತ್ತಾನೆ. “ಆಗಲಿ ಬೇಟಾ, ನೀವು ಹೋಗಿ ಬರ್ರಿ” ಎನ್ನುವುದು ಅದಕ್ಕೆ ಕೊಡಬೇಕಾದ ಉತ್ತರ. ಇದನ್ನು ನಾವು ಯಾರೂ ಕಲಿಸದೆ ಕಲಿತಿದ್ದೇವೆ.

ಖಾಸೀಂಬಿ ಮಾತ್ರ, “ಅಚ್ಛಾ, ಯಾವಾಗ ಹೊರಡೂದು?” ಎಂದರು.

ಮರುದಿನ ಸಿಗ್ನಲ್ ಕ್ಯಾಬಿನ್ನಿನ ಶರಣಪ್ಪನೂ ಕೇಳಿದ. ಅವನಿಗೂ “ನೀವೂ ಬರ್ರಿ” ಅಂದೆ. ಅವನೂ, ಅವನ ಹೆಂಡತಿ ಮಹಾದೇವಿಯೂ ಒಪ್ಪಿಬಿಟ್ಟರು. ಊರಿನವರಿಗೆಲ್ಲ ಒಮ್ಮೆಗೇ ಮರ್ಯಾದೆ ಮರೆತುಹೋಗಿದೆಯೆಂದು ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ. ಅವಳು ಕೇಳಿದ್ದು ಒಂದೇ ಒಂದು, ಅದನ್ನೇ ಕೆಡಿಸಿಕೊಂಡು ಕೂತಿದ್ದೆ.

ಮನೆಗೆ ಬಂದು ನೀಲಮ್ಮನಿಗೆ ಹೇಳಿದೆ. ಮತ್ತೆ ಗೋಡೆಯ ಕಡೆ ಮುಖ ತಿರುಗಿಸಿದಳು. “ಬ್ಯಾಡಂತ ಹೇಳಿ ಬರ್ತೀನಿ ಬಿಡು,” ಎಂದು ಎದ್ದೆ.

“ಬರ್ರಿ ಅಂದು ಕರದು ಬ್ಯಾಡ ಅಂತಾರೇನ್ರಿ? ಅದೂ ಮೊಣಕಾಲು ಹಿಡಕೊಂಡು ನಡಿಯೂ ಮುದುಕಿಗಿ?” ಎಂದಳು. ನನ್ನನ್ನು ಸಿಕ್ಕಿಸಿದ ಮರ್ಯಾದೆ ಅವಳನ್ನೂ ಸಿಕ್ಕಿಸಿತ್ತು. “ಬರ್ತೀನಿ. ಆದ್ರ ಯಾರೂ ನನ್ನ ತಲಿ ಸುದ್ದಿ ತಗೀಬಾರ್ದು.”

ಚಳಿಗಾಲದ ಎಳ್ಳಮಾಸೆ ಹಬ್ಬ ಕಳೆದ ಮೇಲಿನ ರವಿವಾರ ಹೊರಟೆವು. ನೀಲಮ್ಮ ಸೆರಗನ್ನು ಹಣೆಯತನಕ ಎಳೆದು ಕುತ್ತಿಗೆಗೆ ಬಿಗಿದು ಸಿಕ್ಕಿಸಿಕೊಂಡಿದ್ದಳು. ನನ್ನ ಟೈಂಟೇಬಲ್ ಸೇಡಂ ಬಸ್‌ಸ್ಟ್ಯಾಂಡಿನಲ್ಲಿಯೇ ಹಳಿ ತಪ್ಪಿತು. ಬಸ್ಸು ಬಂದಾಗ ಹತ್ತಿದೆವು, ಇಳಿಸಿದಲ್ಲಿ ಇಳಿದು ನಡೆದೆವು. ಹಾದಿ ಕಠಿಣವೂ ಅಲ್ಲ, ಸುಲಭವೂ ಅಲ್ಲ. ಸಾಗವಾನಿ ಎಲೆಗಳ ಮೇಲೆ ಕಾಲಿಟ್ಟರೆ ಹಪ್ಪಳದಂತೆ ಸದ್ದಾಗುತ್ತಿತ್ತು. ನೀಲಮ್ಮನನ್ನು ಕೂರಿಸಬೇಕೆಂದು ನಾನು ನೆನೆಯುವ ಮೊದಲೇ ಖಾಸೀಂಬಿ “ಹಾಯ್ ಅಲ್ಲಾ, ನನ್ನ ಮೊಣಕಾಲು” ಎಂದು ಕೂತುಬಿಡುತ್ತಿದ್ದರು. ಅವರ ಕೈಯಲ್ಲೊಂದು ಗಂಟಿತ್ತು. ನಾನು ಹೊರುತ್ತೇನೆಂದರೂ ಕೊಡಲಿಲ್ಲ.

ಗುಡ್ಡದ ತಿರುವು ದಾಟಿದಾಗ ಕೆರೆ ಕಂಡಿತು. ಸುತ್ತ ಬೆಟ್ಟ, ನಡುವೆ ಅಷ್ಟು ನೀರು. ಬೇಸಿಗೆಯಲ್ಲಿ ನಳದ ಮುಂದೆ ಕೊಡ ಸಾಲು ಹಚ್ಚುವ ನಾವು ಅದರೆದುರೂ ಸಾಲಾಗಿಯೇ ನಿಂತೆವು. ಆಮೇಲೆ ಹೆಂಗಸರು ನನ್ನನ್ನೂ ಶರಣಪ್ಪನನ್ನೂ ಕಟ್ಟಿಗೆ ತರಲು ಅಟ್ಟಿದರು.

ಕಟ್ಟಿಗೆ ಆರಿಸುತ್ತಿರುವಾಗ ದೊಡ್ಡ ಬಂಡೆಯ ಆಚೆಯಿಂದ ನಗು ಕೇಳಿಸಿತು. ಆ ನಗುವಿನ ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಮಳೆಗಾಲದಿಂದ ಅದನ್ನು ಕೇಳಿರಲಿಲ್ಲ. ಕೈಯ ಕಟ್ಟಿಗೆ ಅಲ್ಲಿಯೇ ಬಿತ್ತು.

ವಾಪಸು ಬಂದಾಗ ನೀಲಮ್ಮ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಸೆರಗು ಹೆಗಲ ಮೇಲಿತ್ತು. ಬೆರಳುದ್ದದ ಕೂದಲು ಒದ್ದೆಯಾಗಿ ಎಣ್ಣೆಯಲ್ಲಿ ಮಿಂಚುತ್ತಿತ್ತು. ಪಕ್ಕದಲ್ಲಿ ಬಿಚ್ಚಿದ ಗಂಟು, ಅದರಲ್ಲಿ ಸೀಗೆಪುಡಿ, ಎಣ್ಣೆಯ ಶೀಶೆ. ಖಾಸೀಂಬಿ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು:

“ನೀ ಬಾಯಿಮಾತಿಗಿ ಕರದಿ ಅಂತ ನನಗ ಗೊತ್ತಿತ್ತು ಬೇಟಾ. ಆದ್ರ ಬಾಗಿಲಾ ತಗೀದ ಪೋರಿನ್ನ ನೋಡ್ಲಿಕ್ಕಿ ನಮಗ ಬ್ಯಾರೆ ಹಾದಿ ಎಲ್ಲಿತ್ತು?”

ಶರಣಪ್ಪ ಇನ್ನೂ ಬಂಡೆಯ ಆಚೆ, ಹೆಂಗಸರಿರುವ ಕಡೆ ಬರಲು ಸಂಕೋಚಪಟ್ಟುಕೊಂಡು ನಿಂತಿದ್ದ. ನೀಲಮ್ಮ ತಿರುಗಿ ನೋಡಿದಳು. ಸೆರಗಿಗೆ ಕೈ ಹೋಗಲಿಲ್ಲ.

“ಸುಮ್ನ ನಿಂತು ಏನ್ ನೋಡ್ಲಿಕತ್ತೀರಿ? ಬುತ್ತಿ ಬಿಚ್ಚೀನಿ. ಎಲ್ಲಾರ್ನೂ ಕರೀರಿ,” ಎಂದಳು.

ಕರೆಯಲು ಬಾಯಿ ತೆರೆದೆ. ನಾಲಿಗೆಗೆ ಬಂದದ್ದು ಅದೇ “ನೀವೂ ಬರ್ರಿ”. ಅಷ್ಟರಲ್ಲಿ ಖಾಸೀಂಬಿಯೇ ಕೂಗಿದರು.